ಪೈಲ್ವಾನನ ಕಾಲಳತೆ

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ಸೈರನ್. ಆಂಬುಲೆನ್ಸ್ ಓಡಿಸುತ್ತಿದ್ದಳು ಎಂಬುದು ಅದಕ್ಕೆ ಒಂದು ಕಾರಣ. ಅಡುಗೆಮನೆಯಲ್ಲಿ ನಿಂತು ಮಾತಾಡಿದರೆ ಬೀದಿಯ ಕೊನೆಯ ಮನೆಯವರೂ ಉತ್ತರ ಕೊಡಬಹುದಿತ್ತು ಎಂಬುದು ಇನ್ನೊಂದು. ಹೆಸರಿನ ಬಗ್ಗೆ ಅವಳಿಗೆ ಬೇಜಾರೇನೂ ಇರಲಿಲ್ಲ. "ಸೈರನ್ ಅಂದ್ರೆ ಜನ ದಾರಿ ಬಿಡ್ತಾರೆ ಕಣೇ, ಒಳ್ಳೇದೇ ಆಯ್ತಲ್ಲ" ಎನ್ನುತ್ತಿದ್ದಳು.

ಅವಳ ಗಂಡ, ಅಂದರೆ ನನ್ನ ಚಿಕ್ಕಪ್ಪ, ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಮೊಳೆಗಳಿಗೆ ನೇತುಬಿದ್ದ ತೋಳಿಲ್ಲದ ಕೋಟುಗಳು. ಅವರ ಬಾಯಲ್ಲಿ ಯಾವಾಗಲೂ ಗುಂಡುಪಿನ್ನುಗಳಿರುತ್ತಿದ್ದವು. ಮಾತಾಡಬೇಕೆಂದರೆ ಅವನ್ನೆಲ್ಲ ಒಂದೊಂದಾಗಿ ತೆಗೆಯಬೇಕು. ಆ ಕಷ್ಟಕ್ಕಿಂತ ಸುಮ್ಮನಿರುವುದೇ ವಾಸಿ ಎಂದು ಎಷ್ಟೋ ಸಲ ಸುಮ್ಮನಿದ್ದುಬಿಡುತ್ತಿದ್ದರು. ಒಬ್ಬಳು ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದಳು, ಇನ್ನೊಬ್ಬರು ಇಬ್ಬರ ಪಾಲಿನ ಕೇಳುವ ಕೆಲಸವನ್ನೂ ಮಾಡುತ್ತಿದ್ದರು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಚಿಕ್ಕಮ್ಮ ಕೆಲಸದಲ್ಲಿದ್ದಾಗ ಒಮ್ಮೆ ಸೊಂಟ ಮುರಿದುಕೊಂಡ ಮುದುಕರೊಬ್ಬರನ್ನು ಮಲಗಿಸಿಕೊಂಡು ಗುಡ್ಡದ ಇಳಿಜಾರಿನಲ್ಲಿ ಬರುತ್ತಿದ್ದಳು. ಅರ್ಧ ಇಳಿಯುವಷ್ಟರಲ್ಲಿ ಬ್ರೇಕು ಕಾದು ಕೈಕೊಟ್ಟಿತು. ಪೆಡಲ್ ತುಳಿದರೆ ಕಾಲು ಸೀದಾ ನೆಲಕ್ಕೇ ಹೋಯಿತಂತೆ. ಅವಳು ಗೇರು ಇಳಿಸುತ್ತಾ, ಕೈಬ್ರೇಕನ್ನು ಅಷ್ಟಷ್ಟೇ ಎಳೆಯುತ್ತಾ, ಗಾಡಿಯ ಪಕ್ಕೆಯನ್ನು ರಸ್ತೆಬದಿಯ ಮಣ್ಣಿನ ದಿಬ್ಬಕ್ಕೆ ಉಜ್ಜಿಸಿ ಹೇಗೋ ನಿಲ್ಲಿಸಿದಳು. ಹಿಂದಿನಿಂದ ಮುದುಕರು ಕೇಳಿದರು: "ಆಸ್ಪತ್ರೆ ಬಂತೇನಮ್ಮಾ?"

"ಇಲ್ಲ ತಾತ, ಗಾಡಿಗೆ ಸ್ವಲ್ಪ ಸುಸ್ತಾಯ್ತು. ಸುಧಾರಿಸ್ಕೊಳ್ತಿದೆ."

ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಗಾಡಿ ಬಂದು ಮುದುಕರನ್ನು ಕರೆದೊಯ್ದ ಮೇಲೆ ಚಿಕ್ಕಮ್ಮ ಚಕ್ರಕ್ಕೆ ಕಲ್ಲು ಒಡ್ಡಿ ರಸ್ತೆಬದಿಯಲ್ಲೇ ಕೂತಳು. ಅಂದಿನಿಂದ ಬ್ರೇಕು ಎಂದರೆ ಅವಳಿಗೆ ಒಂಥರಾ ಹುಚ್ಚು. ಡ್ಯೂಟಿಗೆ ಹೋದವಳೇ ಮೊದಲು ಚಕ್ರದ ಪಕ್ಕ ಮಂಡಿಯೂರಿ ಇಣುಕುತ್ತಿದ್ದಳು. ಜೊತೆಯ ಡ್ರೈವರುಗಳು ನಗುತ್ತಿದ್ದರು. ಆದರೆ ತಮ್ಮ ಮನೆಯವರನ್ನು ಆಸ್ಪತ್ರೆಗೆ ಸೇರಿಸಬೇಕಾದಾಗ ಅವಳ ಗಾಡಿಯನ್ನೇ ಕರೆಸುತ್ತಿದ್ದರು.

ನಿವೃತ್ತಿಯಾದ ಮೇಲೆ ಇವಳು ಸ್ಟೀರಿಂಗ್ ಮುಟ್ಟುವುದೇ ಇಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಹಿತ್ತಿಲಿನಲ್ಲಿ ಗಿಡ ಬೆಳೆಸುತ್ತಾಳೆ, ಚಿಕ್ಕಪ್ಪನಿಗೆ ಗುಂಡಿ ಹಾಕಿಕೊಡುತ್ತಾಳೆ ಎಂದು ನನ್ನ ಅಮ್ಮ ಲೆಕ್ಕ ಹಾಕಿದ್ದಳು. ಅಮ್ಮ ಚಿಕ್ಕಮ್ಮನ ಅಕ್ಕ. ತಂಗಿಯ ಬದುಕಿನ ಲೆಕ್ಕವನ್ನು ಹುಟ್ಟಿನಿಂದಲೂ ಅವಳೇ ಹಾಕುತ್ತಾ ಬಂದಿದ್ದಾಳೆ. ಚಿಕ್ಕಮ್ಮ ಮಾಡಿದ್ದೇ ಬೇರೆ. ಊರಾಚೆಯ ಶೆಡ್ಡೊಂದರಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಹಳೆಯ ಕಾರೊಂದನ್ನು ಕೊಂಡು ತಂದು ಬಾಗಿಲ ಮುಂದೆ ನಿಲ್ಲಿಸಿದಳು.

ಕಾರು ಎಂದರೆ ಅಂತಿಂಥ ಕಾರಲ್ಲ. ಉದ್ದನೆಯ ಮೂತಿ, ಎರಡೇ ಬಾಗಿಲು, ಬಾನೆಟ್ಟಿನಡಿ ಲಾರಿಗೆ ಸಾಕಾಗುವಷ್ಟು ದೊಡ್ಡ ಎಂಜಿನ್ನು. ಸುಮ್ಮನೆ ನಿಂತಿದ್ದರೂ ಗುಡುಗುಡು ಎಂದು ಮೈ ಅಲುಗಿಸುತ್ತಿತ್ತು. ಇಂಥವಕ್ಕೆ ಮಸಲ್ ಕಾರ್ ಎನ್ನುತ್ತಾರೆ. ಚಿಕ್ಕಮ್ಮ ಪೈಲ್ವಾನ ಎಂದಳು. ಆ ಹೆಸರೇ ನಿಂತಿತು.

ಅಮ್ಮ ಸುದ್ದಿ ಕೇಳಿ ಓಡಿ ಬಂದಳು. "ಈ ವಯಸ್ಸಲ್ಲಿ ನಿನಗೇನು ಬಂತೇ?"

"ಗಾಡಿ ಬಂತು ಅಕ್ಕ."

"ತಮಾಷೆ ಸಾಕು. ಹುಡುಗರು ಓಡಿಸೋ ಗಾಡಿ ಇದು."

"ಹುಡುಗರ ಹತ್ರ ಎಲ್ಲಿದೆ ಇಂಥ ಗಾಡಿ, ತೋರಿಸು ನೋಡೋಣ." ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದಳು: "ಇಷ್ಟು ವರ್ಷ ಗಾಡಿ ತುಂಬ ಯಾರ್ಯಾರದೋ ನೋವು ಹೊತ್ಕೊಂಡು ಓಡಿಸಿದೆ. ಇನ್ನು ಸ್ವಲ್ಪ ದಿನ ನನ್ನ ಖುಷಿಗೆ ಓಡಿಸ್ತೀನಿ. ಬೈಬೇಡ."

ಅಮ್ಮ ಬೈಯುವುದನ್ನೇನೂ ಬಿಡಲಿಲ್ಲ. ಚಿಕ್ಕಪ್ಪ ಮಾತ್ರ ಪಿನ್ನುಗಳನ್ನು ತೆಗೆದಿಟ್ಟು ಹೊರಗೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, "ಒಳ್ಳೇ ಮೈಕಟ್ಟು" ಎಂದರು. ಅಳತೆ ತೆಗೆಯುವವರ ಕಣ್ಣು.

ಮೊದಲ ಸವಾರಿಗೆ ನನ್ನನ್ನೂ ಕೂರಿಸಿಕೊಂಡಳು. ಪೈಲ್ವಾನ ಹೊರಟಿದ್ದು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ. ನಿಲ್ಲುವ ವಿಷಯ ಬಂದಾಗ ಅವನ ಬಂಡವಾಳ ಬಯಲಾಯಿತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಚಿಕ್ಕಮ್ಮ ಬ್ರೇಕು ತುಳಿದಳು. ಪೈಲ್ವಾನ ಯೋಚನೆ ಮಾಡಿ, ಗೆರೆ ದಾಟಿ, ತರಕಾರಿ ಗಾಡಿಯೊಂದರ ಕೋಸುಗಳಿಗೆ ಮೂತಿ ತಾಗಿಸುವಷ್ಟು ಹತ್ತಿರ ಹೋಗಿ ನಿಂತ. ತರಕಾರಿಯವಳು ಕೋಸೊಂದನ್ನು ಎತ್ತಿ, "ತಗೊಳ್ತೀರಾ, ಇಲ್ಲ ಅದೇ ತಿನ್ನುತ್ತಾ?" ಎಂದು ಕೇಳಿದಳು. ಚಿಕ್ಕಮ್ಮ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಓಡೋಕೆ ಪೈಲ್ವಾನ, ನಿಲ್ಲೋಕೆ ಕೂಸು. ಮೊದಲು ಇವನಿಗೆ ಬ್ರೇಕು" ಎಂದಳು.

ಗಾಡಿ ಹೋಗಿದ್ದು ಅವಳ ಹಳೆಯ ಪರಿಚಯದ ಮೆಕ್ಯಾನಿಕ್ ಬಳಿಗೆ. ಅವರನ್ನು ಎಲ್ಲರೂ ಗ್ರೀಸ್ ಮೇಷ್ಟ್ರು ಎನ್ನುತ್ತಾರೆ. ಒಂದು ಬೋಲ್ಟು ಬಿಚ್ಚುವ ಮೊದಲು ಅದರ ಹುಟ್ಟು, ಗುಣ, ಸ್ವಭಾವಗಳನ್ನೆಲ್ಲ ವಿವರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಚಿಕ್ಕಮ್ಮ ಕೇಳಿದ್ದು ದೊಡ್ಡ ಬ್ರೇಕು; ಮೇಷ್ಟ್ರು ಹಾಕಿಕೊಟ್ಟಿದ್ದು ಊಟದ ತಟ್ಟೆಗಿಂತ ದೊಡ್ಡ ಡಿಸ್ಕುಗಳು, ಅವನ್ನು ಕಚ್ಚಿ ಹಿಡಿಯುವ ಕೆಂಪು ಬಣ್ಣದ ದಪ್ಪ ಕ್ಯಾಲಿಪರುಗಳು. ನೋಡಿದರೆ ರೈಲನ್ನೂ ನಿಲ್ಲಿಸಬಹುದು ಎನ್ನಿಸುವಂತಿದ್ದವು.

ತೊಡಕು ಬಂದಿದ್ದು ಆಮೇಲೆ. ಹಳೆಯ ಚಕ್ರವನ್ನು ಮತ್ತೆ ಹಾಕಲು ಹೋದರೆ ಅದು ಒಳಗೆ ಹೋಗಲೇ ಇಲ್ಲ. ಟಣ್ ಎಂದು ಕ್ಯಾಲಿಪರಿಗೆ ಬಡಿದು ನಿಂತಿತು. ಹದಿನೈದು ಇಂಚಿನ ರಿಮ್ಮು, ಅದರ ಹೊಟ್ಟೆಯೊಳಗೆ ಈ ಬ್ರೇಕು ಹಿಡಿಸುವುದಾದರೂ ಹೇಗೆ? ಪೈಲ್ವಾನ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಬರಿಗಾಲಲ್ಲಿ ನಿಂತುಬಿಟ್ಟ.

"ದೊಡ್ಡ ಚಕ್ರ ಬೇಕು ಅಮ್ಮ," ಎಂದು ಮೇಷ್ಟ್ರು ಶುರುಮಾಡಿದರು. "ಎಷ್ಟು ದೊಡ್ಡದು ಅನ್ನೋದು ಎರಡು ಕಡೆ ನೋಡ್ಬೇಕು. ಡಿಸ್ಕಿನ ಸುತ್ತ ರಿಮ್ಮಿನ ಒಳಮೈ ತಾಗಬಾರದು, ಅದು ಒಂದು. ಕ್ಯಾಲಿಪರಿನ ಮುಖಕ್ಕೆ ರಿಮ್ಮಿನ ಕಡ್ಡಿ ತಾಗಬಾರದು, ಅದು ಇನ್ನೊಂದು. ಜನ ಮೊದಲನೇದು ನೋಡ್ತಾರೆ, ಎರಡನೇದು ಮರೀತಾರೆ."

ಮಾರನೆಯ ದಿನ ಚಿಕ್ಕಪ್ಪ ಅಂಗಡಿಗೆ ಬೀಗ ಹಾಕಿ, ಹೆಗಲಿಗೆ ಟೇಪು, ಕಂಕುಳಲ್ಲಿ ದಪ್ಪ ರಟ್ಟು, ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು ಗ್ಯಾರೇಜಿಗೆ ಬಂದರು. ಬ್ರೇಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೈಗೆ ಕೋಟಿನ ಅಳತೆ ತೆಗೆಯುವ ಹಾಗೆಯೇ ಅದರ ಅಳತೆ ತೆಗೆದರು. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಬೆರಳಾಡಿಸಿ ನೋಡಿ ರಟ್ಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿದರು. ಬ್ರೇಕಿನದೇ ಆಕಾರದ ಒಂದು ರಟ್ಟು ತಯಾರಾಯಿತು. ಗ್ರೀಸ್ ಮೇಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ, ಟೀ ತರಿಸಿದ್ದಲ್ಲದೆ ಅದು ಬರುವವರೆಗೂ ಒಂದೂ ಪಾಠ ಹೇಳಲಿಲ್ಲ.

ರಟ್ಟು ಹಿಡಿದುಕೊಂಡು ನಾವು ನಾಲ್ವರೂ ಚಕ್ರದ ಅಂಗಡಿಗೆ ಹೋದೆವು. ಮುಖ ಕಾಣುವಷ್ಟು ನುಣುಪಾದ ನೆಲ. ಗೋಡೆಯ ತುಂಬ ಬೆಳ್ಳಗೆ, ಕಪ್ಪಗೆ, ಕಂಚಿನ ಬಣ್ಣಕ್ಕೆ ಹೊಳೆಯುವ ರಿಮ್ಮುಗಳು. ಒಂದೊಂದರ ಮೇಲೂ ಒಂದೊಂದು ಪುಟ್ಟ ದೀಪ. ಅಂಗಡಿಯವನೂ ಹೊಳೆಯುತ್ತಿದ್ದ. ಷೂ, ವಾಚು, ಎಣ್ಣೆ ಹಚ್ಚಿದ ತಲೆ ಎಲ್ಲವೂ ಮಿರಮಿರ. ಹೊರಗೆ ಬಂದ ಮೇಲೆ ಚಿಕ್ಕಮ್ಮ ಅವನಿಗೆ ಗಿಲೀಟು ಎಂದು ಹೆಸರಿಟ್ಟಳು.

ಚಿಕ್ಕಪ್ಪ ಹದಿನಾರು ಇಂಚಿನ ರಿಮ್ಮಿನೊಳಗೆ ರಟ್ಟು ಇಟ್ಟು ನೋಡಿದರು. ಹೋಗಲಿಲ್ಲ. ಹದಿನೇಳರಲ್ಲಿ ಸುತ್ತಳತೆ ಹೇಗೋ ಹಿಡಿಸಿತು, ಆದರೆ ಕಡ್ಡಿಗಳು ಕ್ಯಾಲಿಪರಿನ ಮುಖಕ್ಕೆ ಒತ್ತಿ ಕೂತವು. ನಡುವೆ ಕಾಗದವೂ ತೂರಲಿಲ್ಲ.

"ಇದು ಮೈಗೆ ಅಂಟ್ಕೊಳ್ಳೋ ಅಂಗಿ," ಎಂದರು ಚಿಕ್ಕಪ್ಪ. "ನಿಂತಾಗ ಸರಿ, ಕೈ ಎತ್ತಿದ್ರೆ ಹರಿಯುತ್ತೆ."

"ಸರಿಯಾಗಿ ಹೇಳಿದ್ರಿ," ಎಂದರು ಮೇಷ್ಟ್ರು. "ತಿರುವಲ್ಲಿ ರಿಮ್ಮು ಕೂದಲೆಳೆಯಷ್ಟು ಬಾಗುತ್ತೆ. ಸಂದಿಗೆ ಒಂದು ಚೂರು ಕಲ್ಲು ಸಿಕ್ಕಿದ್ರೆ ಅಲ್ಲಿಗೆ ಮುಗೀತು."

ಹದಿನೆಂಟರಲ್ಲಿ ಬೆರಳು ಸಲೀಸಾಗಿ ಆಡಿತು. "ಇದೇ. ಕಟ್ಟಿಸಿಕೊಂಡು ಮನೆಗೆ ಹೋಗೋಣ" ಎಂದು ಮೇಷ್ಟ್ರು ತಿರುಗಿದರೆ ಚಿಕ್ಕಮ್ಮ ಪಕ್ಕದಲ್ಲಿರಲಿಲ್ಲ. ಅಂಗಡಿಯ ಆ ತುದಿಯಲ್ಲಿ, ಗೋಡೆಯ ನಡುಮಧ್ಯೆ ನೇತುಹಾಕಿದ್ದ ಇಪ್ಪತ್ತು ಇಂಚಿನ ರಿಮ್ಮಿನ ಮುಂದೆ ಕತ್ತು ಮೇಲೆತ್ತಿ ನಿಂತಿದ್ದಳು. ತೆಳ್ಳನೆಯ ಐದು ಕಡ್ಡಿಗಳು, ನಕ್ಷತ್ರದ ಹಾಗೆ ಅರಳಿಕೊಂಡಿದ್ದವು. ಜೀವಮಾನವಿಡೀ ಖಾಕಿ ತೊಟ್ಟು, ಬಿಳಿ ಗಾಡಿ ಓಡಿಸಿ, ಬಣ್ಣದ ಬಳೆ ಕೂಡ ಸ್ಟೀರಿಂಗಿಗೆ ಅಡ್ಡ ಎಂದು ಬಿಚ್ಚಿಟ್ಟವಳು ಅವಳು. ಅವಳ ಮುಖದಲ್ಲಿ ಅಂಥ ಆಸೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಸಕತ್ತಾಗಿ ಕಾಣುತ್ತೆ ಮೇಡಂ," ಎಂದ ಗಿಲೀಟು. "ರೋಡಲ್ಲಿ ಹೋದ್ರೆ ಜನ ತಿರುಗಿ ನೋಡ್ಬೇಕು."

ಮೇಷ್ಟ್ರು ಓಡೋಡಿ ಬಂದರು. "ಅಮ್ಮ, ಬೇಡ. ಚಕ್ರದ ಹೊರಗಿನ ಎತ್ತರ ಮೊದಲಿದ್ದಷ್ಟೇ ಇರ್ಬೇಕಲ್ಲ? ರಿಮ್ಮು ದೊಡ್ಡದಾದ್ರೆ ಟಯರಿನ ರಬ್ಬರು ತೆಳ್ಳಗಾಗುತ್ತೆ. ರಸ್ತೆಯ ಏಟು ತಿನ್ನೋದು ಆ ರಬ್ಬರಿನ ಒಳಗಿರೋ ಗಾಳಿ. ಗಾಳಿಗೆ ಜಾಗ ಇಲ್ದಿದ್ರೆ ಏಟೆಲ್ಲ ರಿಮ್ಮಿಗೆ, ರಿಮ್ಮಿಂದ ಸೀಟಿಗೆ, ಸೀಟಿಂದ..."

"ಆಂಬುಲೆನ್ಸ್ ಓಡಿಸಿದವಳಿಗೆ ಟಯರಿನ ಪಾಠ ಹೇಳ್ತೀರಾ ಮೇಷ್ಟ್ರೇ?" ಎಂದಳು ಚಿಕ್ಕಮ್ಮ. ಅಂಗಡಿಯ ಗಾಜುಗಳೆಲ್ಲ ಝಲ್ಲೆಂದವು. ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು.

ಚಿಕ್ಕಪ್ಪ ಹೆಂಡತಿಯ ಪಕ್ಕ ಬಂದು ನಿಂತು ತಾವೂ ಕತ್ತೆತ್ತಿ ನೋಡಿದರು. "ಇಷ್ಟ ಆಯ್ತಾ?"

"ತುಂಬಾ ರೀ."

"ಹಾಗಾದ್ರೆ ಆಯ್ತು."

ಇಪ್ಪತ್ತು ಇಂಚಿನ ಚಕ್ರ ತೊಟ್ಟ ಪೈಲ್ವಾನ ಮನೆಗೆ ಬಂದ ದಿನ ಬೀದಿಯವರೆಲ್ಲ ಬಾಗಿಲಿಗೆ ಬಂದರು. ತೆಳ್ಳನೆಯ ಕಡ್ಡಿಗಳ ಹಿಂದಿನಿಂದ ಕೆಂಪು ಕ್ಯಾಲಿಪರುಗಳು ಇಣುಕುತ್ತಿದ್ದವು. ಚಿಕ್ಕಮ್ಮ ದಿನವೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಿಮ್ಮಿನ ಸಂದಿಗೊಂದಿ ತಿಕ್ಕುತ್ತಿದ್ದಳು. ಸಿಗ್ನಲ್ಲುಗಳಲ್ಲಿ ಜನ ನಿಜವಾಗಿಯೂ ತಿರುಗಿ ನೋಡುತ್ತಿದ್ದರು. ಬೈಕಿನ ಹುಡುಗರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಅವಳು ನೋಡಿಯೂ ನೋಡದವಳ ಹಾಗೆ ಮುಂದೆ ನೋಡುತ್ತಿದ್ದಳು, ಆದರೆ ಕಿವಿಯವರೆಗೆ ನಗು. ಬ್ರೇಕು ತುಳಿದರೆ ಪೈಲ್ವಾನ ಈಗ ಹೇಳಿದ ಮಾತು ಕೇಳುತ್ತಿದ್ದ. ಅವಳಿಗೆ ಇನ್ನೇನು ಬೇಕಿತ್ತು?

ಅವಳಿಗೆ ಬೇಕಿದ್ದುದು ಇನ್ನೊಂದೇ, ಪಕ್ಕದ ಸೀಟಿನಲ್ಲಿ ಚಿಕ್ಕಪ್ಪ. ಅಲ್ಲಿಯೇ ಸಣ್ಣ ಬಿರುಕು ಕಾಣಿಸಿಕೊಂಡಿತು. ಮೊದಮೊದಲು ಅವರು ಹತ್ತಿಯ ದಿಂಬೊಂದನ್ನು ತಂದು ಸೀಟಿನ ಮೇಲೆ ಹಾಕಿಕೊಂಡರು. "ಸೀಟು ಸ್ವಲ್ಪ ತಗ್ಗು, ಹೊರಗೆ ಕಾಣಲ್ಲ" ಎಂದರು. ಆಮೇಲೆ ಪೇಟೆಗೆ ಕಾರಿನಲ್ಲಿ ಹೋಗಿ ವಾಪಸು ನಡೆದು ಬರತೊಡಗಿದರು. ಕಾಲಿಗೆ ವ್ಯಾಯಾಮ ಬೇಕಂತೆ. ಕೊನೆಗೆ, ಸುತ್ತಾಡಿ ಬರೋಣ ಎಂದರೆ ಅರ್ಜೆಂಟ್ ಕೋಟು ಇದೆ ಎನ್ನತೊಡಗಿದರು. ಹಾಗೆ ನೋಡಿದರೆ ಊರಿನ ಗಂಡಸರೆಲ್ಲ ಒಟ್ಟಿಗೆ ಕೋಟು ತೊಡಲು ಹೊರಟ ಹಾಗಿತ್ತು.

ಚಿಕ್ಕಮ್ಮನಿಗೆ ಅನುಮಾನ ಹೊಕ್ಕಿತು. ಒಂದು ದಿನ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ತನ್ನ ಮಟ್ಟಿಗೆ ಮೆಲ್ಲಗೆ ಕೇಳಿದಳು: "ನಿಮ್ಮ ಚಿಕ್ಕಪ್ಪಂಗೆ ನನ್ನ ಜೊತೆ ಈ ಕಾರಲ್ಲಿ ಕೂರೋಕೆ ನಾಚಿಕೆ ಏನೇ? ವಯಸ್ಸಾದ ಹೆಂಗಸು ಮೆರೀತಾಳೆ ಅಂತ ಯಾರಾದ್ರೂ ಅಂದ್ರಾ?"

ನಾನು ಇಲ್ಲ ಎಂದೆ. ನನಗೂ ಕಾರಣ ಗೊತ್ತಿರಲಿಲ್ಲ. ಗೊತ್ತಾಗಿದ್ದು ನನ್ನ ಲಂಗದ ಅಂಚು ಬಿಚ್ಚಿದ್ದನ್ನು ಹೊಲಿಸಲು ಹೇಳದೆ ಕೇಳದೆ ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ. ಚಿಕ್ಕಪ್ಪ ಮೆಷಿನ್ನಿನ ಮುಂದೆ ಬೆನ್ನ ಹಿಂದೆ ಬಿಸಿನೀರಿನ ಚೀಲ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಬದುಕಿಡೀ ಬಗ್ಗಿ ಹೊಲಿದವರ ಬೆನ್ನು, ಮೊದಲೇ ಅಷ್ಟಕ್ಕಷ್ಟೆ. ಇಪ್ಪತ್ತು ಇಂಚಿನ ಚಕ್ರದ ಏಟು ಒಂದೊಂದೂ ಅಲ್ಲಿಗೇ ಬಂದು ಮುಟ್ಟುತ್ತಿತ್ತು.

"ಚಿಕ್ಕಮ್ಮಂಗೆ ಹೇಳಿ ಚಿಕ್ಕಪ್ಪ."

ಅವರು ಪಿನ್ನುಗಳನ್ನು ತೆಗೆದರು. "ಹೇಳ್ಬೇಡ. ಅವಳು ತನಗೆ ಅಂತ ಆಸೆಪಟ್ಟು ಒಂದು ವಸ್ತು ತಗೊಂಡಿದ್ದು ಇದೇ ಮೊದಲು. ಬೆನ್ನಿಂದೇನು, ನೋಯುತ್ತೆ, ಹೋಗುತ್ತೆ."

ನಾನು ಬಾಯಿ ಮುಚ್ಚಿಕೊಂಡೆ. ಆದರೆ ರಸ್ತೆಗಳು ಮುಚ್ಚಿಕೊಳ್ಳಬೇಕಲ್ಲ. ಒಂದು ಭಾನುವಾರ ಚಿಕ್ಕಮ್ಮ ಬಹಳ ಒತ್ತಾಯ ಮಾಡಿ ಚಿಕ್ಕಪ್ಪನನ್ನು ಹೊರಡಿಸಿದಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಕಾಲುವೆಯ ಪಕ್ಕದ ರಸ್ತೆ, ಒಳ್ಳೆಯ ಬಿಸಿಲು. ಲಾರಿಯೊಂದಕ್ಕೆ ದಾರಿ ಬಿಡಲು ಚಿಕ್ಕಮ್ಮ ಸ್ವಲ್ಪ ಪಕ್ಕಕ್ಕೆ ಸರಿದಳು. ನೀರು ತುಂಬಿ ನೆಲದ ಹಾಗೆಯೇ ಕಾಣುತ್ತಿದ್ದ ಗುಂಡಿಯೊಂದು ಅಲ್ಲಿ ಕಾದಿತ್ತು. ಢಮ್ ಎಂದಿತು. ಆ ಸದ್ದಿನ ಬೆನ್ನಿಗೇ ಚಿಕ್ಕಪ್ಪನ ಬಾಯಿಂದ "ಅಮ್ಮಾ" ಎಂದು ಒಂದು ಸಣ್ಣ ದನಿ ಹೊರಟಿತು.

ನನಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ಚಿಕ್ಕಮ್ಮನಿಗೆ ಕೇಳಿಸಿತು. ಅಂಥ ದನಿಗಳನ್ನು ಬೆನ್ನ ಹಿಂದೆ ಕೇಳುತ್ತಲೇ ಅವಳು ಅಷ್ಟು ವರ್ಷ ಗಾಡಿ ಓಡಿಸಿದ್ದಳು. ಕಾರನ್ನು ಮೆತ್ತಗೆ ಪಕ್ಕಕ್ಕೆ ನಿಲ್ಲಿಸಿ ಇಳಿದಳು. ಮುಂದಿನ ರಿಮ್ಮಿನ ಅಂಚು ಒಳಕ್ಕೆ ಮಡಿಸಿಕೊಂಡು ಟಯರಿನ ಗಾಳಿ ಬುಸ್ ಎಂದು ಹೋಗುತ್ತಿತ್ತು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಸುತ್ತಿಕೊಂಡು ಬಂದು ಚಿಕ್ಕಪ್ಪನ ಕಡೆಯ ಬಾಗಿಲು ತೆಗೆದು ಮಂಡಿಯೂರಿ ಕೂತಳು.

"ಎಲ್ಲಿ ನೋವು?"

"ಎಲ್ಲೂ ಇಲ್ಲ."

"ಎಲ್ಲಾ ಪೇಷೆಂಟುಗಳೂ ಇದನ್ನೇ ಹೇಳೋದು. ಯಾವಾಗಿಂದ?"

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ಕಾಲುವೆಯ ಕಡೆ ನೋಡಿದೆ. ಚಿಕ್ಕಮ್ಮ ನಮ್ಮಿಬ್ಬರನ್ನೂ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗಿಹೋಯಿತು.

"ದಿಂಬು ಅದಕ್ಕಾ? ನಡೆದು ಬರ್ತಿದ್ದಿದ್ದು ಅದಕ್ಕಾ? ನಾನು ಏನೇನೋ ಅಂದ್ಕೊಂಡು ರಾತ್ರಿಯೆಲ್ಲಾ ಹೊರಳಾಡಿದ್ನಲ್ಲ ರೀ! ಹೇಳೋಕೆ ಬಾಯಲ್ಲಿ ಪಿನ್ನಿತ್ತಾ?"

"ನೀನು ಆಸೆಪಟ್ಟು ತಗೊಂಡಿದ್ದು ಕಣೇ..."

"ನನ್ನ ಆಸೆ ಏನು ಅಂತ ನಿಮಗೆ ಗೊತ್ತಾ? ಪಕ್ಕದಲ್ಲಿ ನಿಮ್ಮನ್ನ ಕೂರಿಸ್ಕೊಂಡು ಎಲ್ಲಾದ್ರೂ ಹೋಗೋದು. ಆಂಬುಲೆನ್ಸಲ್ಲಿ ಕೂರಿಸ್ಕೊಳ್ಳೋಕೆ ಆಗ್ತಿತ್ತಾ? ಅದರಲ್ಲಿ ನೀವು ಹತ್ತದೇ ಇರ್ಲಿ ಅಂತ ಎಷ್ಟು ಸಲ ಬೇಡ್ಕೊಂಡಿದೀನಿ ಗೊತ್ತಾ?" ಎಂದವಳೇ ಮುಖಕ್ಕೆ ಸೆರಗು ಒತ್ತಿಕೊಂಡಳು. ಚಿಕ್ಕಪ್ಪ ಕೈ ಚಾಚಿ ಅವಳ ತಲೆಯ ಮೇಲೆ ಇಟ್ಟರು. ಹೀಗೆ ಅವರಿಬ್ಬರೂ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ಇದ್ದರು. ಹೋಗುವ ಬರುವ ಗಾಡಿಯವರು ತಿರುಗಿ ನೋಡುತ್ತಿದ್ದರು.

ಗ್ರೀಸ್ ಮೇಷ್ಟ್ರು ಬಂದು ಕಾರನ್ನು ಎಳೆಸಿಕೊಂಡು ಹೋದರು. ಪಾಠ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಅವರಿಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಆದರೂ ಒಂದು ಮಾತೂ ಆಡಲಿಲ್ಲ. ಅದಕ್ಕಾಗಿ ಅವರನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಚಿಕ್ಕಮ್ಮ ಕಾರನ್ನೇ ಮಾರಿಬಿಡುತ್ತೇನೆ ಎಂದು ಹಠ ಹಿಡಿದಳು. ಆಗ ಚಿಕ್ಕಪ್ಪ ಪಿನ್ನುಗಳನ್ನು ಮೇಜಿನ ಮೇಲೆ ಉಗಿದು, ನಾನು ಕಂಡ ಹಾಗೆ ಮೊದಲ ಬಾರಿಗೆ ದನಿ ಏರಿಸಿದರು: "ಅಂಗಿ ಬಿಗಿಯಾಯ್ತು ಅಂತ ಮೈ ಮಾರ್ತಾರೇನೇ? ಅಂಗಿ ಬಿಚ್ಚಿ ಬೇರೆ ಹೊಲೀತಾರೆ. ನಡಿ ಅಂಗಡಿಗೆ."

ಮತ್ತೆ ಆ ನುಣುಪಾದ ನೆಲ. ಮಡಿಸಿದ ರಿಮ್ಮನ್ನು ಕಂಡ ಗಿಲೀಟು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಿದ್ದನೇನೋ, ಬಂದಿಲ್ಲ ಎಂದು ಗೊತ್ತಾದ ಮೇಲೆ ಅವನ ಹೊಳಪು ಸ್ವಲ್ಪ ಇಳಿದು ಒಳಗಿನ ಮನುಷ್ಯ ಹೊರಗೆ ಬಂದ. ಅಂಗಡಿಯ ಹಿಂದೆ ನಿಲ್ಲಿಸಿದ್ದ ತನ್ನ ಕಾರನ್ನು ತೋರಿಸಿದ. ಪುಟ್ಟ ಚಕ್ರ, ಬನ್ನಿನ ಹಾಗೆ ಉಬ್ಬಿದ ದಪ್ಪ ಟಯರು.

"ನಮ್ಮಮ್ಮಂಗೆ ಮಂಡಿನೋವು ಮೇಡಂ. ಸ್ವಲ್ಪ ಕುಲುಕಿದ್ರೂ ಆಗಲ್ಲ."

"ಮತ್ತೆ ನನಗೆ ಯಾಕಪ್ಪಾ ಅದನ್ನ ಕೊಟ್ಟೆ?"

"ನೀವು ನೋಡ್ತಿದ್ದ ರೀತಿಗೆ ಬೇಡ ಅನ್ನೋಕೆ ನನಗೆ ಮನಸ್ಸು ಬರ್ಲಿಲ್ಲ," ಎಂದ. ವ್ಯಾಪಾರದ ಮಾತೋ ನಿಜವೋ ಗೊತ್ತಿಲ್ಲ. ಉಳಿದ ಮೂರು ರಿಮ್ಮುಗಳನ್ನು ವಾಪಸು ತೆಗೆದುಕೊಳ್ಳಲು ಒಪ್ಪಿದ್ದಂತೂ ನಿಜ.

ಈಗ ಗೊಂದಲವೇ ಇರಲಿಲ್ಲ. ಹದಿನೆಂಟಕ್ಕಿಂತ ಕಮ್ಮಿಯಾದರೆ ಬ್ರೇಕು ಹಿಡಿಸುವುದಿಲ್ಲ, ಜಾಸ್ತಿಯಾದರೆ ಬೆನ್ನು ತಡೆಯುವುದಿಲ್ಲ. ಹದಿನೆಂಟಾದರೆ ಸುತ್ತ ಕೈಯಗಲದ ರಬ್ಬರಿಗೆ ಜಾಗವಿರುತ್ತದೆ, ಹೊರಗಿನ ಎತ್ತರವೂ ಮೊದಲಿನಷ್ಟೇ ಬರುತ್ತದೆ. ಚಿಕ್ಕಮ್ಮ ಶಿಕ್ಷೆ ತೆಗೆದುಕೊಳ್ಳುವವಳ ಹಾಗೆ ಮೂಲೆಯಲ್ಲಿದ್ದ ಬೋಳು ರಿಮ್ಮೊಂದನ್ನು ತೋರಿಸಿ, "ಇದೇ ಸಾಕು" ಎಂದಳು.

"ಸಾಕು ಅನ್ನೋದೇನು," ಎಂದು ಚಿಕ್ಕಪ್ಪ ತಡೆದರು. ಗಿಲೀಟಿನ ಕಡೆ ತಿರುಗಿ, "ಕಡ್ಡಿ ತೆಳ್ಳಗಿರೋದು ತೋರಿಸಿ. ಒಳಗಿನ ಕೆಂಪು ಬ್ರೇಕು ಹೊರಗೆ ಕಾಣ್ಬೇಕು. ಜನ ಅವಳ ಗಾಡೀನ ತಿರುಗಿ ನೋಡ್ದಿದ್ರೆ ನನಗೆ ಸಮಾಧಾನ ಇಲ್ಲ" ಎಂದರು. ರಟ್ಟು ಇಟ್ಟು, ಬೆರಳಾಡಿಸಿ, ಬಣ್ಣ ನೋಡಿ, ಬೆಳಕಿಗೆ ಹಿಡಿದು, ಕೋಟಿಗೆ ಗುಂಡಿ ಆರಿಸುವ ಹಾಗೆ ಅವರೇ ಆರಿಸಿದರು. ಚಿಕ್ಕಮ್ಮ ಸುಮ್ಮನೆ ಪಕ್ಕದಲ್ಲಿ ನಿಂತಿದ್ದಳು. ಗ್ರೀಸ್ ಮೇಷ್ಟ್ರು ಗಡಿಯಾರ ನೋಡಿಕೊಂಡರು; ಇವಳು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವರೂ ಕಂಡಿರಲಿಲ್ಲವಂತೆ.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಬರಿಯ ಕಾರು ನಿಂತಾಗ ಸರಿಯಿದ್ದ ಚಕ್ರ, ಹಿಂದಿನ ಸೀಟಿಗೆ ಭಾರ ಬಿದ್ದಾಗ ಮಡ್‌ಗಾರ್ಡಿನ ಅಂಚಿಗೆ ಉಜ್ಜಬಹುದು ಎಂದರು ಮೇಷ್ಟ್ರು. "ಯಾರಾದ್ರೂ ಸ್ವಲ್ಪ ತೂಕದವರು ಹಿಂದೆ ಕೂರ್ಬೇಕು." ನಾನು ಕೂತೆ, ಸಾಲದು ಎಂದರು. ಆ ಹೊತ್ತಿಗೆ ಸರಿಯಾಗಿ, ತಂಗಿ ಮತ್ತೇನು ಅನಾಹುತ ಮಾಡುತ್ತಿದ್ದಾಳೆ ಎಂದು ನೋಡಲು ಅಮ್ಮ ಗ್ಯಾರೇಜಿಗೆ ಬಂದಳು. ಮೂವರೂ ಒಟ್ಟಿಗೆ ಅವಳ ಕಡೆ ತಿರುಗಿದರು.

"ಏನು ಹಾಗೆ ನೋಡ್ತೀರಾ?"

"ಅಕ್ಕ, ಒಂದು ನಿಮಿಷ ಹಿಂದೆ ಕೂತ್ಕೊ."

"ಯಾಕೆ?"

ಯಾಕೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎರಡೇ ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಅಮ್ಮನನ್ನು ತೂರಿಸುವುದೇ ಒಂದು ಸಾಹಸವಾಯಿತು. ಕೂತ ಕೂಡಲೇ ಕಾರು ನಿಟ್ಟುಸಿರು ಬಿಟ್ಟು ತಗ್ಗಿತು. ಹಿಂದಿನ ಚಕ್ರದ ಕಡೆಯಿಂದ ಸರ್ರ್ ಎಂದು ಸದ್ದು ಬಂತು. "ಅಂಚಿಗೆ ತಾಗ್ತಿದೆ!" ಎಂದು ಮೇಷ್ಟ್ರು ಸಂಭ್ರಮದಿಂದ ಕೂಗಿದರು. ಅಮ್ಮನಿಗೆ ಆಗ ವಿಷಯ ತಿಳಿಯಿತು. ಅವಳು ಅಲ್ಲಿಂದಲೇ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಹಿಂದಿನ ಎರಡು ರಿಮ್ಮುಗಳನ್ನು ಬದಲಾಯಿಸಿ, ಒಂದಿಷ್ಟು ಒಳಕ್ಕೆ ಕೂರುವಂಥವನ್ನು ತರುವವರೆಗೂ ಅಮ್ಮನನ್ನು ಮತ್ತೆ ಮತ್ತೆ ಹತ್ತಿಸಿ ಇಳಿಸಬೇಕಾಯಿತು. ಕೊನೆಯ ಸಲ ಅವಳೇ, "ಸರಿಯಾಗಿ ನೋಡಿ ಮೇಷ್ಟ್ರೇ, ಈಗ ಸದ್ದು ಇಲ್ಲ ತಾನೇ?" ಎಂದು ಒಳಗಿನಿಂದ ಜಬರ್ದಸ್ತು ಮಾಡುತ್ತಿದ್ದಳು.

ಅದೇ ಸಂಜೆ ಊರಾಚೆಯ ಹಳೆಯ ಸಂತೆ ಮೈದಾನದಲ್ಲಿ ಚಿಕ್ಕಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ವೇಗವಾಗಿ ಓಡಿಸಿ ಬ್ರೇಕು ತುಳಿದಳು. ಪೈಲ್ವಾನ ನೆಲ ಕಚ್ಚಿ ನಿಂತ. ಅಮ್ಮನ ಕನ್ನಡಕ ಹಾರಿ ಚಿಕ್ಕಪ್ಪನ ಮಡಿಲಿಗೆ ಬಿತ್ತು. ಅವಳು ಅದನ್ನು ಇಸಿದುಕೊಂಡು ಹಾಕಿಕೊಂಡು, "ಇನ್ನೊಂದ್ಸಲ ಮಾಡೇ" ಎಂದಳು.

ಆಮೇಲೆ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ಎಲ್ಲೆಲ್ಲಿಗೋ ಹೋದರು. ಸಮುದ್ರ ನೋಡಿ ಬಂದರು, ಚಿಕ್ಕಪ್ಪ ದರ್ಜಿ ಕೆಲಸ ಕಲಿತ ಊರಿನಲ್ಲಿ ಅವರ ಗುರುಗಳ ಮನೆ ಹುಡುಕಿ ಮಾತಾಡಿಸಿ ಬಂದರು. ದೂರದ ದಾರಿಯಲ್ಲಿ ಚಿಕ್ಕಪ್ಪ ಗೊರಕೆ ಹೊಡೆಯುತ್ತಾ ಮಲಗುತ್ತಾರಂತೆ. ಅದನ್ನು ಹೇಳುವಾಗ ಚಿಕ್ಕಮ್ಮನ ಮುಖ ನೋಡಬೇಕು. ಯಾರೋ ಬಹುಮಾನ ಕೊಟ್ಟ ಹಾಗೆ.

ಈಚೆಗೆ ಇನ್ನೊಂದು ಬೆಳವಣಿಗೆಯಾಗಿದೆ. ಚಿಕ್ಕಪ್ಪ ಗಾಡಿ ಕಲಿಯುತ್ತಿದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಅದೇ ಮೈದಾನದಲ್ಲಿ, ಮೊದಲನೆಯ ಗೇರಿನಲ್ಲಿ, ಮೆಷಿನ್ನಿನ ಮುಂದೆ ಕೂತ ಹಾಗೆ ನೆಟ್ಟಗೆ ಕೂತು ಸುತ್ತು ಹಾಕುತ್ತಾರೆ. ಹೊಲಿಗೆ ತುಳಿದು ಪಳಗಿದ ಕಾಲು, ಪೆಡಲಿನ ಮೇಲೆ ಬಹಳ ನಾಜೂಕು. ಆದರೆ ತಿರುವು ಬಂದಾಗಲೆಲ್ಲ ಸ್ಟೀರಿಂಗ್ ತಿರುಗಿಸುವುದನ್ನು ಬಿಟ್ಟು, ಬಟ್ಟೆಯನ್ನು ಸೂಜಿಯ ಕಡೆಗೆ ತಳ್ಳುವ ಹಾಗೆ ಅದನ್ನು ಎರಡೂ ಅಂಗೈಯಿಂದ ಮುಂದಕ್ಕೆ ತಳ್ಳುತ್ತಾರೆ. ನಿನ್ನೆ ನಾನು ನೋಡಲು ಹೋಗಿದ್ದೆ. ಪೈಲ್ವಾನ ಬೇಲಿಯ ಕಡ್ಡಿಯೊಂದನ್ನು ಮುರಿದು ನಿಂತಿದ್ದ. ಚಿಕ್ಕಮ್ಮ ಪಕ್ಕದ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಿಧಾನ ರೀ," ಎನ್ನುತ್ತಿದ್ದಳು. "ಇನ್ನೊಂದು ಸುತ್ತು ಹೋಗೋಣ."